ನೇರ ಪ್ರಸಾರಕ್ಕೆ ಅಡ್ಡಬಂದ ಫೈರ್‌ವಾಲ್: ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ತರಬೇತಿ ಸಂಸ್ಥೆಯೊಂದು ತನ್ನ ಸಭಾಂಗಣದಲ್ಲಿ ನಡೆಯುವ ಉಪನ್ಯಾಸಗಳನ್ನು ವಾರಕ್ಕೊಮ್ಮೆ ಅಂತರ್ಜಾಲದಲ್ಲಿ ನೇರ ಪ್ರಸಾರ ಮಾಡುತ್ತಿತ್ತು. ವಿಂಡೋಸ್ 11 ಇರುವ ಒಂದು ಕಂಪ್ಯೂಟರ್ ಮತ್ತು ಅದರೊಳಗಿನ ಓಬಿಎಸ್ ಸ್ಟುಡಿಯೊ ತಂತ್ರಾಂಶವೇ ಆ ಪ್ರಸಾರಕ್ಕೆ ಆಧಾರ. ವೇದಿಕೆಯ ಎದುರಿಗಿದ್ದ ಮೊದಲ ಕ್ಯಾಮೆರಾ ಎಚ್‌ಡಿಎಂಐ ಕೇಬಲ್ ಮೂಲಕ ನೇರವಾಗಿ ಕ್ಯಾಪ್ಚರ್ ಕಾರ್ಡಿಗೆ, ಅಂದರೆ ದೃಶ್ಯವನ್ನು ಕಂಪ್ಯೂಟರಿನೊಳಗೆ ತರುವ ಸಾಧನಕ್ಕೆ, ಸೇರುತ್ತಿತ್ತು. ಸಭಾಂಗಣದ ಹಿಂಬದಿಯ ಎರಡನೆಯ ಕ್ಯಾಮೆರಾಗೆ ಅಷ್ಟು ಉದ್ದದ ಕೇಬಲ್ ಎಳೆಯಲು ಸಾಧ್ಯವಿರಲಿಲ್ಲ. ಆದ್ದರಿಂದ ಅದಕ್ಕೆ ದೃಶ್ಯವನ್ನು ನೆಟ್‌ವರ್ಕ್‌ನಲ್ಲಿ ಸಾಗುವ ರೂಪಕ್ಕೆ ತರುವ ಚಿಕ್ಕ ಎನ್‌ಕೋಡರ್ ಒಂದನ್ನು ಜೋಡಿಸಿ, ಅಲ್ಲಿ ಮೊದಲೇ ಇದ್ದ ನೆಟ್‌ವರ್ಕ್ ಸಾಕೆಟ್ಟಿನ ಮೂಲಕ, ಎಸ್‌ಆರ್‌ಟಿ ಎಂಬ ಪ್ರೋಟೊಕಾಲಿನಲ್ಲಿ ಪ್ರಸಾರದ ಕಂಪ್ಯೂಟರಿನ 9000ನೇ ಯುಡಿಪಿ ಪೋರ್ಟಿಗೆ ದೃಶ್ಯವನ್ನು ಕಳುಹಿಸಲಾಗುತ್ತಿತ್ತು. (ಪ್ರೋಟೊಕಾಲ್ ಎಂದರೆ ಸಾಧನಗಳು ಮಾಹಿತಿ ವಿನಿಮಯ ಮಾಡುವ ನಿಗದಿತ ಕ್ರಮ; ಪೋರ್ಟ್ ಎಂದರೆ ಕಂಪ್ಯೂಟರಿನಲ್ಲಿ ಮಾಹಿತಿ ಬಂದುಹೋಗುವ, ಸಂಖ್ಯೆಯಿಂದ ಗುರುತಿಸುವ ಬಾಗಿಲು; ಯುಡಿಪಿ ಮತ್ತು ಟಿಸಿಪಿ ಮಾಹಿತಿ ಸಾಗಿಸುವ ಎರಡು ಮೂಲ ವಿಧಾನಗಳು.) ಓಬಿಎಸ್ ಎರಡೂ ದೃಶ್ಯಗಳನ್ನು ಜೋಡಿಸಿ, 1080ಪಿ ಗಾತ್ರದಲ್ಲಿ, ಸೆಕೆಂಡಿಗೆ 30 ಫ್ರೇಮುಗಳಂತೆ, ಸುಮಾರು 6 ಎಂಬಿಪಿಎಸ್ ಬಿಟ್‌ರೇಟಿನಲ್ಲಿ ಆರ್‌ಟಿಎಂಪಿ ಎಂಬ ಇನ್ನೊಂದು ಪ್ರೋಟೊಕಾಲಿನ ಮೂಲಕ ಪ್ರಸಾರ ಸೇವೆಯ ಸರ್ವರ್‌ಗೆ ರವಾನಿಸುತ್ತಿತ್ತು. ಈ ವ್ಯವಸ್ಥೆ ಬಹುಕಾಲ ತೊಂದರೆಯಿಲ್ಲದೆ ನಡೆದಿತ್ತು.

ಸಂಸ್ಥೆಯ ಹಳೆಯ ರೂಟರ್ ಬದಲಾಗಿ, ಹೆಚ್ಚು ಬಿಗಿಯಾದ ಸುರಕ್ಷತಾ ಸೌಲಭ್ಯಗಳಿರುವ ಹೊಸ ರೂಟರ್ ಬಂದ ಮೇಲೆ ತೊಡಕು ಆರಂಭವಾಯಿತು. ಹೊಸ ರೂಟರ್ ಒಳಜಾಲಕ್ಕೆ ಬೇರೆ ವಿಳಾಸಗಳನ್ನು ಹಂಚುತ್ತಿದ್ದುದರಿಂದ ಎನ್‌ಕೋಡರಿನಲ್ಲಿ ನಮೂದಿಸಿದ್ದ ಕಂಪ್ಯೂಟರಿನ ವಿಳಾಸವನ್ನು ಅಲ್ಲಿನ ತಂತ್ರಜ್ಞರು ಸರಿಯಾಗಿಯೇ ತಿದ್ದಿದ್ದರು. ಆದರೂ ಎರಡನೆಯ ಕ್ಯಾಮೆರಾದ ಜಾಗ ಕಪ್ಪಾಗಿಯೇ ಉಳಿಯಿತು. ಪ್ರಸಾರ ಆರಂಭಿಸುವ ಗುಂಡಿ ಒತ್ತಿದರೆ ಸರ್ವರ್‌ಗೆ ಸಂಪರ್ಕ ಸಾಧ್ಯವಾಗುತ್ತಿಲ್ಲ ಎಂಬ ಸಂದೇಶ ಬರುತ್ತಿತ್ತು. ಇಷ್ಟರ ನಡುವೆ ಅದೇ ಕಂಪ್ಯೂಟರಿನ ಬ್ರೌಸರಿನಲ್ಲಿ ಬೇರೆಯವರ ನೇರ ಪ್ರಸಾರಗಳು ಯಾವ ತಡೆಯೂ ಇಲ್ಲದೆ ಕಾಣುತ್ತಿದ್ದವು. ನೆಟ್‌ವರ್ಕ್ ಸರಿಯಿದೆ, ಓಬಿಎಸ್ ತಂತ್ರಾಂಶವೇ ಕೆಟ್ಟಿದೆ ಎಂಬ ತೀರ್ಮಾನಕ್ಕೆ ತಂತ್ರಜ್ಞರು ಬಂದದ್ದು ಇದರಿಂದ. ತಂತ್ರಾಂಶವನ್ನು ತೆಗೆದು ಮತ್ತೆ ಹಾಕಿದರೂ ಏನೂ ಬದಲಾಗಲಿಲ್ಲ.

ನೋಡುವ ದಾರಿ ಮತ್ತು ಕಳುಹಿಸುವ ದಾರಿ

ಆ ತೀರ್ಮಾನ ಏಕೆ ತಪ್ಪು ಎಂಬುದು ಈ ಪ್ರಕರಣಕ್ಕೆ ಬಹಳ ಮುಖ್ಯ. ಇಂದು ನೇರ ಪ್ರಸಾರವನ್ನು ನೋಡುವವರಿಗೆ ಬಹುತೇಕ ಎಚ್‌ಎಲ್‌ಎಸ್ ಅಥವಾ ಡ್ಯಾಶ್ ವಿಧಾನದಲ್ಲಿ ವಿಡಿಯೊ ತಲುಪುತ್ತದೆ. ವಿಡಿಯೊವನ್ನು ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಸಾಮಾನ್ಯ ಜಾಲಪುಟದಂತೆಯೇ ಎಚ್‌ಟಿಟಿಪಿಎಸ್ ಮೂಲಕ, ಅಂದರೆ 443ನೇ ಪೋರ್ಟಿನಲ್ಲಿ, ಒಂದೊಂದಾಗಿ ಒದಗಿಸುವ ವಿಧಾನವಿದು. ಫೈರ್‌ವಾಲ್ ಎಂದರೆ ನೆಟ್‌ವರ್ಕ್ ಸಂಪರ್ಕಗಳನ್ನು ನಿಯಮಗಳಂತೆ ಬಿಡುವ ಅಥವಾ ತಡೆಯುವ ಕಾವಲು. ಜಾಲಪುಟಗಳನ್ನು ತೆರೆಯಲು ಬಿಡುವ ಫೈರ್‌ವಾಲ್ ಸಾಮಾನ್ಯವಾಗಿ ಇದನ್ನೂ ಬಿಡುತ್ತದೆ. ಕಳುಹಿಸುವವರ ದಾರಿ ಬೇರೆ. ಆರ್‌ಟಿಎಂಪಿ ಎಂಬುದು ಫ್ಲ್ಯಾಶ್ ಕಾಲದಿಂದ ಬಂದ ಪ್ರೋಟೊಕಾಲ್. ಅದಕ್ಕೆ ಗೊತ್ತುಪಡಿಸಿದ ಪೋರ್ಟ್ ಟಿಸಿಪಿ 1935. ಎಸ್‌ಆರ್‌ಟಿ ಯುಡಿಪಿಯ ಮೇಲೆ ನಡೆಯುವಂಥದ್ದು. 2017ರಲ್ಲಿ ಮುಕ್ತ ತಂತ್ರಾಂಶವಾಗಿ ಬಿಡುಗಡೆಯಾದ ಬಳಿಕ ಚಿಕ್ಕ ಎನ್‌ಕೋಡರುಗಳಲ್ಲಿಯೂ ಅದು ಸಾಮಾನ್ಯವಾಗಿದೆ. ಬ್ರೌಸರಿನಲ್ಲಿ ವಿಡಿಯೊ ಓಡುತ್ತಿದೆ ಎಂಬುದು 443ನೇ ಪೋರ್ಟ್ ತೆರೆದಿದೆ ಎಂಬುದಕ್ಕಷ್ಟೇ ಸಾಕ್ಷಿ, ಉಳಿದ ಪೋರ್ಟುಗಳ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಎರಡನೆಯದಾಗಿ, ಕಪ್ಪಾದ ಕ್ಯಾಮೆರಾ ಮತ್ತು ಸೋತ ಪ್ರಸಾರ ಇವೆರಡನ್ನೂ ಒಂದೇ ರೋಗದ ಲಕ್ಷಣಗಳೆಂದು ಭಾವಿಸುವುದು ಸಹಜವಾದರೂ, ಇವುಗಳ ದಿಕ್ಕು ಒಂದೇ ಅಲ್ಲ. ಪ್ರಸಾರದಲ್ಲಿ ಮೊದಲು ಸಂಪರ್ಕ ಬೇಡುವುದು ನಮ್ಮ ಕಂಪ್ಯೂಟರ್; ಅದು ಹೊರಹೋಗುವ ಸಂಪರ್ಕ. ಎರಡನೆಯ ಕ್ಯಾಮೆರಾದ ವಿಷಯದಲ್ಲಿ ಮೊದಲು ಸಂಪರ್ಕ ಬೇಡುವುದು ಎನ್‌ಕೋಡರ್. ಓಬಿಎಸ್ ಲಿಸನರ್ ಮೋಡ್‌ನಲ್ಲಿ 9000ನೇ ಪೋರ್ಟಿನ ಬಳಿ ಕಾಯುತ್ತಿರುತ್ತದೆ, ಆದ್ದರಿಂದ ಕಂಪ್ಯೂಟರಿನ ಪಾಲಿಗೆ ಅದು ಒಳಬರುವ ಸಂಪರ್ಕ. ವಿಂಡೋಸ್ ಫೈರ್‌ವಾಲ್‌ನ ಮೂಲ ಧೋರಣೆಯೆಂದರೆ, ಹೊರಹೋಗುವುದನ್ನು ತಡೆಯುವ ನಿಯಮ ಇಲ್ಲದಿದ್ದರೆ ಬಿಡುವುದು, ಒಳಬರುವುದನ್ನು ಅನುಮತಿಸುವ ನಿಯಮ ಇಲ್ಲದಿದ್ದರೆ ತಡೆಯುವುದು. ನಾವೇ ಆರಂಭಿಸಿದ ಸಂಪರ್ಕಕ್ಕೆ ಬರುವ ಉತ್ತರಗಳನ್ನು ಅದು ನೆನಪಿಟ್ಟುಕೊಂಡು ಒಳಗೆ ಬಿಡುತ್ತದೆ. ಫೈರ್‌ವಾಲ್ ತಕರಾರು ಯಾವುದೇ ಇರಲಿ, ಸಂಪರ್ಕವನ್ನು ಮೊದಲು ಆರಂಭಿಸುವವರು ಯಾರು ಎಂಬ ಒಂದು ಪ್ರಶ್ನೆಗೆ ಉತ್ತರ ಸಿಕ್ಕದೆ ಸೆಟ್ಟಿಂಗ್‌ಗೆ ಕೈಹಾಕಬಾರದೆಂದು ನಾನು ದೃಢವಾಗಿ ನಂಬಿದ್ದೇನೆ. ಈ ಉತ್ತರದ ಆಧಾರದ ಮೇಲೆ ಎರಡು ತೊಂದರೆಗಳನ್ನು ಬೇರೆಬೇರೆಯಾಗಿ ಪರೀಕ್ಷಿಸಲು ನಿರ್ಧರಿಸಲಾಯಿತು.

ಎರಡನೆಯ ಕ್ಯಾಮೆರಾ

ಮೊದಲು ನೆಟ್‌ಸ್ಟ್ಯಾಟ್ ಆದೇಶದ ಮೂಲಕ 9000ನೇ ಯುಡಿಪಿ ಪೋರ್ಟಿನಲ್ಲಿ ಓಬಿಎಸ್ ನಿಜವಾಗಿಯೂ ಕಾಯುತ್ತಿದೆಯೇ ಎಂದು ನೋಡಲಾಯಿತು, ಕಾಯುತ್ತಿತ್ತು. ಬಳಿಕ ನೆಟ್‌ವರ್ಕ್‌ನಲ್ಲಿ ಸಾಗುವ ಮಾಹಿತಿಯನ್ನು ತೋರಿಸುವ ವೈರ್‌ಶಾರ್ಕ್ ತಂತ್ರಾಂಶದಲ್ಲಿ ನೋಡಿದಾಗ ಎನ್‌ಕೋಡರಿನ ವಿಳಾಸದಿಂದ ಪ್ಯಾಕೆಟ್‌ಗಳು, ಅಂದರೆ ಮಾಹಿತಿಯ ಚಿಕ್ಕ ಕಂತುಗಳು, ಬರುತ್ತಿರುವುದೂ ಕಾಣಿಸಿತು. ಪ್ಯಾಕೆಟ್‌ಗಳು ಕಂಪ್ಯೂಟರಿಗೆ ತಲುಪಿವೆ, ಆದ್ದರಿಂದ ಫೈರ್‌ವಾಲ್ ತಡೆಯುತ್ತಿಲ್ಲ ಎಂದು ಅಲ್ಲಿದ್ದವರು ವಾದಿಸಿದರು. ಇದು ಅನೇಕರನ್ನು ದಾರಿತಪ್ಪಿಸುವ ವಾದ. ವಿಂಡೋಸ್‌ನಲ್ಲಿ ವೈರ್‌ಶಾರ್ಕ್ ಪ್ಯಾಕೆಟ್ ಹಿಡಿಯುವ ಜಾಗ ಫೈರ್‌ವಾಲ್‌ಗಿಂತ ಕೆಳಗೆ, ನೆಟ್‌ವರ್ಕ್ ಕಾರ್ಡಿಗೆ ಹತ್ತಿರದಲ್ಲಿದೆ. ಒಳಬರುವ ಪ್ಯಾಕೆಟ್ ಮೊದಲು ಅದರ ಕಣ್ಣಿಗೆ ಬಿದ್ದು, ಆಮೇಲೆ ಫೈರ್‌ವಾಲ್ ತಲುಪುತ್ತದೆ. ಅಲ್ಲಿ ತಿರಸ್ಕೃತವಾದ ಪ್ಯಾಕೆಟ್ ಕೂಡ ವೈರ್‌ಶಾರ್ಕ್‌ನಲ್ಲಿ ಬಂದಂತೆಯೇ ತೋರುತ್ತದೆ. ಹಾಗಾಗಿ ಇಲ್ಲಿ ಅದು ರುಜುವಾತುಪಡಿಸಿದ್ದು ಎನ್‌ಕೋಡರ್, ಕೇಬಲ್ ಮತ್ತು ರೂಟರ್ ಮೂರೂ ಸರಿಯಿವೆ ಎಂಬುದನ್ನು ಮಾತ್ರ. ಅದೂ ಸಣ್ಣ ಮಾಹಿತಿಯಲ್ಲ, ಏಕೆಂದರೆ ಹುಡುಕಾಟ ಈಗ ಕಂಪ್ಯೂಟರಿನ ಒಳಗಿನ ಭಾಗಕ್ಕೆ ಸೀಮಿತವಾಯಿತು.

ಟೆಸ್ಟ್-ನೆಟ್‌ಕನೆಕ್ಷನ್ ಎಂಬ ಪವರ್‌ಶೆಲ್ ಆದೇಶ ಇಲ್ಲಿ ನೆರವಾಗುವುದಿಲ್ಲ. ಅದು ಟಿಸಿಪಿ ಪೋರ್ಟುಗಳನ್ನು ಮಾತ್ರ ಪರೀಕ್ಷಿಸುತ್ತದೆ. ಯುಡಿಪಿಯ ವಿಷಯದಲ್ಲಿ ನಂಬಬಹುದಾದ ಸಾಕ್ಷಿ ಫೈರ್‌ವಾಲ್‌ನ ಲಾಗ್, ಅಂದರೆ ಅದರ ದಾಖಲೆಯ ಕಡತ. ಇದು ಸಾಮಾನ್ಯವಾಗಿ ಆಫ್ ಆಗಿರುತ್ತದೆ. ಫೈರ್‌ವಾಲ್‌ನ ಅಡ್ವಾನ್ಸ್‌ಡ್ ಸೆಕ್ಯುರಿಟಿ ಕಿಟಕಿಯಲ್ಲಿ ಪ್ರೊಫೈಲ್‌ನ ಪ್ರಾಪರ್ಟೀಸ್ ತೆರೆದು, ತಿರಸ್ಕೃತ ಪ್ಯಾಕೆಟ್‌ಗಳನ್ನು ದಾಖಲಿಸುವ ಆಯ್ಕೆಯನ್ನು ಆನ್ ಮಾಡಿದರೆ ಪ್ರತಿ ತಡೆಯೂ ಒಂದು ಸಾಲಾಗಿ ಕಡತದಲ್ಲಿ ಬೀಳುತ್ತದೆ. ಆ ಕಡತದಲ್ಲಿ ಒಂದೇ ಬಗೆಯ ಸಾಲುಗಳು ಮೇಲಿಂದ ಮೇಲೆ ಬರತೊಡಗಿದವು. ದಿನಾಂಕ ಮತ್ತು ಸಮಯದ ನಂತರ ಡ್ರಾಪ್, ಯುಡಿಪಿ, ಕಳುಹಿಸಿದ ವಿಳಾಸ 192.168.10.45, ತಲುಪಬೇಕಾದ ವಿಳಾಸ 192.168.10.20, ತಲುಪಬೇಕಾದ ಪೋರ್ಟ್ 9000, ಕೊನೆಯಲ್ಲಿ ರಿಸೀವ್ ಎಂದಿತ್ತು. ಮೊದಲನೆಯ ವಿಳಾಸ ಎನ್‌ಕೋಡರಿನದು, ಎರಡನೆಯದು ಪ್ರಸಾರದ ಕಂಪ್ಯೂಟರಿನದು. ಎನ್‌ಕೋಡರ್ ಕೈಕುಲುಕಲು ಕೈ ಚಾಚುತ್ತಲೇ ಇತ್ತು, ಆದರೆ ಆ ಕೋರಿಕೆ ಓಬಿಎಸ್‌ಗೆ ತಲುಪುವ ಮುನ್ನವೇ ಬಿದ್ದುಹೋಗುತ್ತಿತ್ತು.

ಹಳೆಯ ರೂಟರಿನ ಕಾಲದಲ್ಲಿ ಇದೇ ಸಂಪರ್ಕ ಸಾಗುತ್ತಿದ್ದುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ವಿಂಡೋಸ್‌ನ ನೆಟ್‌ವರ್ಕ್ ಪ್ರೊಫೈಲ್‌ನಲ್ಲಿತ್ತು. ವಿಂಡೋಸ್ ಪ್ರತಿ ನೆಟ್‌ವರ್ಕ್ ಅನ್ನೂ ಡೊಮೈನ್, ಪ್ರೈವೇಟ್, ಪಬ್ಲಿಕ್ ಎಂಬ ಮೂರರಲ್ಲಿ ಒಂದು ಪ್ರೊಫೈಲ್‌ಗೆ ಸೇರಿಸುತ್ತದೆ, ಮತ್ತು ಪ್ರತಿ ನಿಯಮವೂ ಯಾವ ಪ್ರೊಫೈಲ್‌ಗೆ ಅನ್ವಯಿಸುತ್ತದೆ ಎಂಬುದು ಆ ನಿಯಮದಲ್ಲಿಯೇ ಬರೆದಿರುತ್ತದೆ. ಸಾಮಾನ್ಯ ನೆಟ್‌ವರ್ಕ್ ಅನ್ನು ಅದು ಗುರುತಿಸುವುದು ಗೇಟ್‌ವೇಯ, ಅಂದರೆ ರೂಟರಿನ, ಮ್ಯಾಕ್ ವಿಳಾಸದ, ಅಂದರೆ ಆ ಸಾಧನದ್ದೇ ಆದ ಗುರುತಿನ ಸಂಖ್ಯೆಯ, ಆಧಾರದಿಂದ. ರೂಟರ್ ಬದಲಾದಾಗ ಕಟ್ಟಡ, ಕೇಬಲ್, ಕಂಪ್ಯೂಟರ್ ಎಲ್ಲವೂ ಅವೇ ಆಗಿದ್ದರೂ ವಿಂಡೋಸ್ ಪಾಲಿಗೆ ಅದು ಹಿಂದೆಂದೂ ನೋಡದ ನೆಟ್‌ವರ್ಕ್. ಅಪರಿಚಿತ ನೆಟ್‌ವರ್ಕ್ ಅನ್ನು ಅದು ಪಬ್ಲಿಕ್ ಎಂದು ಪರಿಗಣಿಸಿತು. ಓಬಿಎಸ್‌ಗೆ ಹಿಂದೆ ಕೊಟ್ಟಿದ್ದ ಅನುಮತಿ ಪ್ರೈವೇಟ್ ಪ್ರೊಫೈಲ್‌ಗೆ ಮಾತ್ರ ಸೇರಿದ್ದರಿಂದ ಅದು ನಿಷ್ಕ್ರಿಯವಾಯಿತು.

ಇಷ್ಟು ತಿಳಿದ ಮೇಲೆ ಅಲ್ಲಿನ ತಂತ್ರಜ್ಞರು ತಕ್ಷಣ 9000ನೇ ಯುಡಿಪಿ ಪೋರ್ಟಿಗೆ ಎಲ್ಲ ಪ್ರೊಫೈಲ್‌ಗಳಲ್ಲೂ ಅನ್ವಯಿಸುವ ಹೊಸ ಅನುಮತಿ ನಿಯಮವೊಂದನ್ನು ಬರೆದರು. ಲಾಗ್‌ನಲ್ಲಿ ಡ್ರಾಪ್ ಸಾಲುಗಳು ನಿಲ್ಲಲಿಲ್ಲ. ಇಡೀ ಪ್ರಕರಣದಲ್ಲಿ ಹೆಚ್ಚು ಕಲಿಸುವ ಘಟ್ಟ ಇದೇ ಎನ್ನಬಹುದು. ಇನ್‌ಬೌಂಡ್ ರೂಲ್ಸ್ ಪಟ್ಟಿಯನ್ನು ಹೆಸರಿನ ಕ್ರಮದಲ್ಲಿ ಜೋಡಿಸಿ ನೋಡಿದಾಗ ಓಬಿಎಸ್ ಹೆಸರಿನಲ್ಲಿ ಹಸಿರು ಗುರುತಿನ ಹಳೆಯ ನಿಯಮದ ಪಕ್ಕದಲ್ಲೇ ಕೆಂಪು ಗುರುತಿನ ಎರಡು ನಿಯಮಗಳು ಕಂಡವು. ಒಂದು ಟಿಸಿಪಿಗೆ, ಇನ್ನೊಂದು ಯುಡಿಪಿಗೆ, ಎರಡೂ ಪಬ್ಲಿಕ್ ಪ್ರೊಫೈಲ್‌ಗೆ ಸೇರಿದ ತಡೆ ನಿಯಮಗಳು. ಇವನ್ನು ಯಾರೂ ಕುಳಿತು ಬರೆದಿರಲಿಲ್ಲ. ಹೊಸ ನೆಟ್‌ವರ್ಕ್‌ನಲ್ಲಿ ಓಬಿಎಸ್ ಮೊದಲ ಬಾರಿ ಪೋರ್ಟ್ ತೆರೆದಾಗ ಅನುಮತಿ ಕೇಳುವ ಕಿಟಕಿಯೊಂದು ವಿಂಡೋಸ್‌ನಲ್ಲಿ ಮೂಡಿತ್ತು, ಕಾರ್ಯಕ್ರಮ ಆರಂಭವಾಗುವ ಗಡಿಬಿಡಿಯಲ್ಲಿ ಯಾರೋ ಅದನ್ನು ಕ್ಯಾನ್ಸಲ್ ಮಾಡಿದ್ದರು. ಕ್ಯಾನ್ಸಲ್ ಒತ್ತಿದರೆ ಪ್ರಶ್ನೆ ಮುಂದಕ್ಕೆ ಹೋಗುತ್ತದೆ ಎಂದು ನಾವು ಎಣಿಸುತ್ತೇವೆ. ವಿಂಡೋಸ್ ಅದನ್ನು ನಿರಾಕರಣೆ ಎಂದು ತಿಳಿದು ಆ ತಂತ್ರಾಂಶಕ್ಕೆ ಶಾಶ್ವತ ತಡೆ ನಿಯಮಗಳನ್ನು ಬರೆದಿಡುತ್ತದೆ. ಅಡ್ಮಿನ್ ಅಧಿಕಾರವಿಲ್ಲದ ಖಾತೆಯಲ್ಲಿ ಕೆಲಸ ಮಾಡುತ್ತಿದ್ದರೆ ಪ್ರಶ್ನೆಯೇ ಬರದೆ ತಡೆ ನಿಯಮ ಸೃಷ್ಟಿಯಾಗುವ ಸಂದರ್ಭಗಳೂ ಉಂಟು. ಒಂದೇ ಸಂಪರ್ಕಕ್ಕೆ ಅನುಮತಿ ನಿಯಮ ಮತ್ತು ತಡೆ ನಿಯಮ ಎರಡೂ ಅನ್ವಯಿಸಿದರೆ ಗೆಲ್ಲುವುದು ತಡೆ ನಿಯಮ. ಅನುಮತಿಯ ಮೇಲೆ ಅನುಮತಿ ಬರೆಯುತ್ತಾ ಹೋದರೂ ಫಲ ಸಿಗದೆ ಕಂಗೆಡುವವರ ಕಂಪ್ಯೂಟರುಗಳಲ್ಲಿ ಇಂಥದೊಂದು ಕೆಂಪು ಗುರುತು ಎಲ್ಲೋ ಅಡಗಿದೆಯೇ ಎಂದು ಮೊದಲು ನೋಡಬೇಕು.

ಫೈರ್‌ವಾಲ್ ಆಫ್ ಮಾಡುವ ಪ್ರಲೋಭನೆ

ಈ ಹಂತಕ್ಕೆ ಬರುವ ಮುನ್ನವೇ ಯಾರೋ ಫೈರ್‌ವಾಲ್ ಅನ್ನು ಪೂರ್ತಿ ಆಫ್ ಮಾಡಿ ನೋಡಿದ್ದರು. ಕ್ಯಾಮೆರಾ ತಕ್ಷಣ ಬಂದಿತ್ತು. ಅದನ್ನು ಹಾಗೆಯೇ ಬಿಡೋಣ, ಒಳಗಿನ ನೆಟ್‌ವರ್ಕ್ ತಾನೆ ಎಂಬ ಸಲಹೆಯೂ ಬಂದಿತ್ತು. ರೋಗಪತ್ತೆಗಾಗಿ, ಅಂತರ್ಜಾಲದ ಸಂಪರ್ಕ ತೆಗೆದಿಟ್ಟು, ಒಂದೆರಡು ನಿಮಿಷ ಫೈರ್‌ವಾಲ್ ಆಫ್ ಮಾಡುವುದರಲ್ಲಿ ತಪ್ಪಿಲ್ಲ. ಅದನ್ನೇ ಪರಿಹಾರವಾಗಿ ಉಳಿಸುವುದನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ. ವಿಂಡೋಸ್‌ನಲ್ಲಿ ಫೈರ್‌ವಾಲ್ ಮೊದಲಿನಿಂದಲೂ ತಾನಾಗಿ ಆನ್ ಆಗಿರುತ್ತಿರಲಿಲ್ಲ. 2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್ ಎಂಬ ವರ್ಮ್, ಅಂದರೆ ತಾನಾಗಿಯೇ ಹರಡುವ ದುಷ್ಟ ತಂತ್ರಾಂಶ, ಒಳಬರುವ ಒಂದು ಪೋರ್ಟಿನ ಮೂಲಕವೇ, ಬಳಕೆದಾರರು ಏನನ್ನೂ ತೆರೆಯದೆ, ಜಗತ್ತಿನಾದ್ಯಂತ ಕಂಪ್ಯೂಟರುಗಳಿಗೆ ಹರಡಿತು. ಮರುವರ್ಷ, 2004ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಎರಡನೆಯ ಸರ್ವಿಸ್ ಪ್ಯಾಕ್‌ನಿಂದ ಫೈರ್‌ವಾಲ್ ತಾನಾಗಿಯೇ ಆನ್ ಆಗಿರುವಂತೆ ಮಾಡಲಾಯಿತು. ಒಳಜಾಲದ ಒಂದು ಕಂಪ್ಯೂಟರಿಗೆ ಸೋಂಕು ತಗುಲಿದರೆ ಅದು ಪಕ್ಕದ ಕಂಪ್ಯೂಟರಿಗೆ ದಾಟದಂತೆ ತಡೆಯುವುದು ರೂಟರ್ ಅಲ್ಲ, ಆಯಾ ಕಂಪ್ಯೂಟರಿನ ಫೈರ್‌ವಾಲ್. ಇನ್ನು ಕೆಲವರು ಸರ್ವಿಸಸ್ ಪಟ್ಟಿಯಿಂದ ಫೈರ್‌ವಾಲ್ ಸೇವೆಯನ್ನೇ ನಿಲ್ಲಿಸುತ್ತಾರೆ. ಹಾಗೆ ಮಾಡಿದರೆ ಸ್ಟಾರ್ಟ್ ಮೆನು, ಆ್ಯಪ್‌ಗಳ ಸ್ಥಾಪನೆ ಮೊದಲಾದವು ಕೆಡಬಹುದು, ಹಾಗಾಗಿ ಅದನ್ನು ಮಾಡಬಾರದೆಂದು ಮೈಕ್ರೋಸಾಫ್ಟ್ ತಾನೇ ತಿಳಿಸಿದೆ.

ಇಲ್ಲಿ ಮಾಡಿದ ತಿದ್ದುಪಡಿ ಹೀಗಿತ್ತು. ಸಂಸ್ಥೆಯ ಸ್ವಂತ ನೆಟ್‌ವರ್ಕ್ ಆದ್ದರಿಂದ ಅದನ್ನು ಸೆಟ್ಟಿಂಗ್ಸ್‌ನಲ್ಲಿ ಪ್ರೈವೇಟ್ ಎಂದು ಬದಲಿಸಲಾಯಿತು. ಓಬಿಎಸ್‌ನ ಎರಡು ತಡೆ ನಿಯಮಗಳನ್ನೂ, ಗಡಿಬಿಡಿಯಲ್ಲಿ ಬರೆದ ಎಲ್ಲ ಪ್ರೊಫೈಲ್‌ಗಳ ಅನುಮತಿಯನ್ನೂ, ಓಬಿಎಸ್‌ಗೆ ಯಾವ ಪೋರ್ಟಿನಲ್ಲಾದರೂ ಯಾರಿಂದಲಾದರೂ ಸಂಪರ್ಕ ಪಡೆಯಲು ಬಿಡುತ್ತಿದ್ದ ಹಳೆಯ ಹಸಿರು ನಿಯಮವನ್ನೂ ಅಳಿಸಲಾಯಿತು. ಅವುಗಳ ಬದಲಿಗೆ ಒಂದೇ ನಿಯಮ ಬಂತು: ಓಬಿಎಸ್ ತಂತ್ರಾಂಶಕ್ಕೆ ಮಾತ್ರ, ಯುಡಿಪಿ 9000ಕ್ಕೆ ಮಾತ್ರ, ಎನ್‌ಕೋಡರಿನ ವಿಳಾಸದಿಂದ ಮಾತ್ರ, ಪ್ರೈವೇಟ್ ಪ್ರೊಫೈಲ್‌ನಲ್ಲಿ ಮಾತ್ರ. ವಿಳಾಸವನ್ನು ನಿಯಮದಲ್ಲಿ ಸೇರಿಸಿದ್ದರಿಂದ ಅದು ಬದಲಾಗದಂತೆ ರೂಟರಿನಲ್ಲಿ ಎನ್‌ಕೋಡರ್ ಮತ್ತು ಕಂಪ್ಯೂಟರ್ ಎರಡಕ್ಕೂ ವಿಳಾಸಗಳನ್ನು ಕಾಯ್ದಿರಿಸಲಾಯಿತು. ಈ ಕೊನೆಯ ಹೆಜ್ಜೆ ಬಿಟ್ಟರೆ, ಇಂದು ನಡೆದ ಪ್ರಸಾರ ಇನ್ನೊಂದು ದಿನ ಕಾರಣವೇ ತಿಳಿಯದಂತೆ ನಿಲ್ಲುತ್ತದೆ. ಕ್ಯಾಮೆರಾ ಕಾಣಿಸಿಕೊಂಡಿತು, ಲಾಗ್‌ನಲ್ಲಿ 9000ನೇ ಪೋರ್ಟಿನ ಡ್ರಾಪ್ ಸಾಲುಗಳು ನಿಂತವು.

ಎಸ್‌ಆರ್‌ಟಿಯಲ್ಲಿ ಸಂಪರ್ಕದ ದಿಕ್ಕನ್ನೇ ತಿರುಗಿಸುವ ಅವಕಾಶವೂ ಇದೆ. ಎನ್‌ಕೋಡರನ್ನು ಲಿಸನರ್ ಆಗಿಸಿ, ಓಬಿಎಸ್ ಅನ್ನು ಕಾಲರ್, ಅಂದರೆ ಸಂಪರ್ಕವನ್ನು ಮೊದಲು ಬೇಡುವ ಬದಿ, ಆಗಿಸಿದರೆ ಕಂಪ್ಯೂಟರಿನಲ್ಲಿ ಒಳಬರುವ ನಿಯಮದ ಅಗತ್ಯವೇ ಇರುವುದಿಲ್ಲ. ದೃಶ್ಯ ಬರುವುದು ಒಳಕ್ಕಾದರೂ ಸಂಪರ್ಕ ಆರಂಭಿಸಿದವರು ನಾವೇ ಆಗಿರುತ್ತೇವೆ. ಸಾಧ್ಯವಿದ್ದಲ್ಲೆಲ್ಲ ನಾನು ಇದನ್ನೇ ಆರಿಸಿಕೊಳ್ಳುತ್ತೇನೆ. ಈ ಎನ್‌ಕೋಡರಿನಲ್ಲಿ ಕಾಲರ್ ಮೋಡ್ ಮಾತ್ರ ಇದ್ದುದರಿಂದ ಇಲ್ಲಿ ಅದು ಆಗಲಿಲ್ಲ.

ಹೊರಹೋಗುವ ಪ್ರಸಾರ

ಪ್ರಸಾರವು ಸರ್ವರ್‌ಗೆ ತಲುಪದಿದ್ದುದರ ಕಾರಣದ ಪತ್ತೆ ಅಷ್ಟು ಕಷ್ಟವಾಗಲಿಲ್ಲ. ಪ್ರಸಾರ ಸೇವೆಯ ಸರ್ವರ್ ಹೆಸರು ಕೊಟ್ಟು ಟೆಸ್ಟ್-ನೆಟ್‌ಕನೆಕ್ಷನ್ ಆದೇಶದಿಂದ ಪರೀಕ್ಷಿಸಿದಾಗ 1935ನೇ ಪೋರ್ಟ್ ವಿಫಲವಾಯಿತು, 443 ಸಫಲವಾಯಿತು. ಅದೇ ಕಂಪ್ಯೂಟರನ್ನು ರೂಟರಿನಿಂದ ಬಿಡಿಸಿ ಮೊಬೈಲ್ ಹಾಟ್‌ಸ್ಪಾಟ್‌ಗೆ ಜೋಡಿಸಿದಾಗ 1935 ಕೂಡ ಸಫಲವಾಯಿತು. ಕಂಪ್ಯೂಟರಿನ ಫೈರ್‌ವಾಲ್ ಎರಡೂ ಸಲ ಆನ್ ಆಗಿಯೇ ಇದ್ದುದರಿಂದ ತಡೆ ಇರುವುದು ಹೊಸ ರೂಟರಿನ ಫೈರ್‌ವಾಲ್‌ನಲ್ಲಿ ಎಂಬುದರಲ್ಲಿ ಸಂಶಯ ಉಳಿಯಲಿಲ್ಲ. ಜಾಲಪುಟಗಳಿಗೆ ಬೇಕಾದ ಪೋರ್ಟುಗಳನ್ನು ಬಿಟ್ಟು ಉಳಿದವನ್ನು ಹೊರಹೋಗದಂತೆ ಮುಚ್ಚುವ ಧೋರಣೆಯೊಂದು ಅದರಲ್ಲಿ ಜಾರಿಯಲ್ಲಿತ್ತು.

ರೂಟರಿನಲ್ಲಿ ಆ ಒಂದು ಕಂಪ್ಯೂಟರಿಗೆ 1935 ತೆರೆಯಲು ನೆಟ್‌ವರ್ಕ್ ನೋಡಿಕೊಳ್ಳುವವರು ಸಿದ್ಧರಿದ್ದರು. ಆದರೆ ಅದೇ ಪ್ರಸಾರ ಸೇವೆ ಆರ್‌ಟಿಎಂಪಿಎಸ್ ಅನ್ನೂ, ಅಂದರೆ ಟಿಎಲ್‌ಎಸ್ ಗೂಢಲಿಪಿಯೊಳಗಿನ ಆರ್‌ಟಿಎಂಪಿಯನ್ನು, 443ನೇ ಪೋರ್ಟಿನಲ್ಲಿ ಒದಗಿಸುತ್ತಿತ್ತು. ಸರಳ ಆರ್‌ಟಿಎಂಪಿಯಲ್ಲಿ ಸ್ಟ್ರೀಮ್ ಕೀ, ಅಂದರೆ ಪ್ರಸಾರ ಮಾಡುವವರನ್ನು ಸೇವೆ ಗುರುತಿಸುವ ರಹಸ್ಯ ಸಂಕೇತ, ಯಾವ ಮುಸುಕೂ ಇಲ್ಲದೆ ಸಾಗುತ್ತದೆ; ದಾರಿಯಲ್ಲಿ ಅದನ್ನು ಓದಬಲ್ಲವರು ಸಂಸ್ಥೆಯ ಹೆಸರಿನಲ್ಲಿ ತಮ್ಮದೇ ದೃಶ್ಯವನ್ನು ಪ್ರಸಾರ ಮಾಡಬಹುದು. ಆದ್ದರಿಂದ ಹೊಸ ಪೋರ್ಟ್ ತೆರೆಯುವ ಬದಲು ಆರ್‌ಟಿಎಂಪಿಎಸ್‌ಗೆ ಬದಲಾಗುವುದೇ ಉತ್ತಮವೆಂದು ಒಪ್ಪಿಗೆಯಾಯಿತು. ಸರ್ವರ್ ವಿಳಾಸ ಬದಲಿಸಿದ ಮೇಲೆ ಪ್ರಸಾರ ಆರಂಭವಾಯಿತು.

ಆರಂಭವಾಯಿತಾದರೂ ಆಗಾಗ ತೊದಲುತ್ತಿತ್ತು. ಓಬಿಎಸ್‌ನ ಸ್ಟ್ಯಾಟ್ಸ್ ಕಿಟಕಿಯು ಚಿತ್ರ ರಚಿಸುವಾಗ ತಪ್ಪಿದ ಫ್ರೇಮುಗಳು, ಎನ್‌ಕೋಡಿಂಗ್‌ನಲ್ಲಿ ಬಿಟ್ಟುಹೋದ ಫ್ರೇಮುಗಳು ಮತ್ತು ನೆಟ್‌ವರ್ಕ್‌ನಿಂದಾಗಿ ಕೈಬಿಟ್ಟ ಫ್ರೇಮುಗಳನ್ನು ಬೇರೆಬೇರೆಯಾಗಿ ತೋರಿಸುತ್ತದೆ. ಇಲ್ಲಿ ಮೊದಲಿನ ಎರಡೂ ಸೊನ್ನೆಯಾಗಿದ್ದು, ಮೂರನೆಯದು ಮಾತ್ರ ಏರುತ್ತಿತ್ತು. ಅಪ್‌ಲೋಡ್ ವೇಗ ಪ್ರಸಾರಕ್ಕೆ ಬೇಕಾದುದರ ಎರಡು ಪಟ್ಟಿಗೂ ಮೀರಿತ್ತು. ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು ಗಮನಿಸಿದಾಗ, ಫ್ರೇಮುಗಳು ಬಿದ್ದುಹೋಗುವ ಹೊತ್ತಿಗೆ ಸರಿಯಾಗಿ ಕಂಪ್ಯೂಟರಿನಲ್ಲಿದ್ದ ಆ್ಯಂಟಿವೈರಸ್‌ನ ಸೇವೆಯೊಂದು ಪ್ರೊಸೆಸರ್ ಮೇಲೆ ಭಾರ ಹಾಕುತ್ತಿರುವುದು ಕಂಡಿತು. ಗೂಢಲಿಪಿಯ ಸಂಪರ್ಕಗಳನ್ನು ನಡುವೆ ನಿಂತು ಬಿಚ್ಚಿ ನೋಡುವ ಸೌಲಭ್ಯ ಅದರಲ್ಲಿ ಆನ್ ಆಗಿತ್ತು. ಪ್ರಸಾರ 1935ರಲ್ಲಿ ಸಾಗುತ್ತಿದ್ದಾಗ ಅದು ಗಮನಿಸದೆ ಬಿಟ್ಟಿತ್ತು, 443ಕ್ಕೆ ಬಂದ ಕೂಡಲೇ ತನ್ನ ತಪಾಸಣೆಗೆ ಎಳೆದುಕೊಂಡಿತು. ಜಾಲಪುಟವೊಂದು ಅರೆಕ್ಷಣ ತಡವಾದರೆ ಯಾರಿಗೂ ತಿಳಿಯುವುದಿಲ್ಲ, ಬಿಡುವಿಲ್ಲದೆ ಹರಿಯುವ ನೇರ ಪ್ರಸಾರಕ್ಕೆ ಅಷ್ಟೇ ಸಾಕು. ಇಂಥ ತಂತ್ರಾಂಶಗಳು ವಿಂಡೋಸ್ ಫೈರ್‌ವಾಲ್‌ಗಿಂತ ಪ್ರತ್ಯೇಕವಾಗಿ ತಮ್ಮದೇ ಸೋಸುವಿಕೆ ನಡೆಸುವುದರಿಂದ ಅಲ್ಲಿನ ನಿಯಮಗಳು ಇವುಗಳನ್ನು ಕಟ್ಟಿಹಾಕುವುದಿಲ್ಲ. ಆ್ಯಂಟಿವೈರಸ್ ಅನ್ನು ತೆಗೆಯದೆ, ಗೂಢಲಿಪಿ ತಪಾಸಣೆಯಿಂದ ಓಬಿಎಸ್ ತಂತ್ರಾಂಶವೊಂದನ್ನು ಮಾತ್ರ ಹೊರಗಿಡಲಾಯಿತು. ನಂತರದ ಪೂರ್ವಾಭ್ಯಾಸ ಪ್ರಸಾರವನ್ನು ನಿಜವಾದ ಕಾರ್ಯಕ್ರಮದಷ್ಟೇ ಹೊತ್ತು ನಡೆಸಿದಾಗ ಕೈಬಿಟ್ಟ ಫ್ರೇಮುಗಳ ಸಂಖ್ಯೆ ಸೊನ್ನೆಯಲ್ಲೇ ನಿಂತಿತು.

ಉಳಿದ ಏರ್ಪಾಡುಗಳು

ಫೈರ್‌ವಾಲ್‌ನ ನಿಯಮಗಳನ್ನು ಎಕ್ಸ್‌ಪೋರ್ಟ್ ಪಾಲಿಸಿ ಆಯ್ಕೆಯ ಮೂಲಕ ಒಂದು ಕಡತವಾಗಿ ಉಳಿಸಿ, ಅದರ ಜೊತೆಗೆ ಪ್ರತಿ ಬದಲಾವಣೆಯ ಕಾರಣವನ್ನೂ ಬರೆದಿಡಲಾಯಿತು. ನಿಯಮದಲ್ಲಿ ತಂತ್ರಾಂಶದ ಪೂರ್ಣ ಮಾರ್ಗ ಇರುವುದರಿಂದ ಓಬಿಎಸ್ ಅನ್ನು ಬೇರೆ ಫೋಲ್ಡರ್‌ಗೆ ಸ್ಥಾಪಿಸಿದರೆ ಆ ನಿಯಮ ಕೆಲಸ ಮಾಡದು. ಇದನ್ನೂ ಟಿಪ್ಪಣಿಯಲ್ಲಿ ಸೇರಿಸಲಾಗಿದೆ. ತಿರಸ್ಕೃತ ಪ್ಯಾಕೆಟ್‌ಗಳ ಲಾಗ್ ಅನ್ನು ಆನ್ ಆಗಿಯೇ ಬಿಡಲಾಗಿದೆ. ಅದರ ಗಾತ್ರಕ್ಕೆ ಮಿತಿ ಇರುವುದರಿಂದ ಡಿಸ್ಕ್ ತುಂಬುವ ಭಯವಿಲ್ಲ.

ಸಂಸ್ಥೆಯ ಹೊರಗಿನಿಂದ, ಅಂತರ್ಜಾಲದ ಮೂಲಕ, ಮೂರನೆಯ ಕ್ಯಾಮೆರಾ ಸೇರಿಸುವ ಬೇಡಿಕೆಯೂ ಇದೇ ಸಮಯದಲ್ಲಿ ಬಂತು. ಇದಕ್ಕಾಗಿ ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿ, ಪ್ರಸಾರದ ಕಂಪ್ಯೂಟರನ್ನು ಹೊರಜಗತ್ತಿಗೆ ತೆರೆಯುವುದು ಸುಲಭದ ದಾರಿಯಾಗಿತ್ತು. ಹೊರಗಿನ ಕ್ಯಾಮೆರಾದ ವಿಳಾಸ ಪ್ರತಿ ಬಾರಿ ಬೇರೆಯಾಗುವುದರಿಂದ ನಿಯಮವನ್ನು ಒಂದು ವಿಳಾಸಕ್ಕೆ ಕಟ್ಟಿಹಾಕಲು ಬರುವುದಿಲ್ಲ ಎಂಬ ಕಾರಣಕ್ಕೆ ಅದನ್ನು ಕೈಬಿಡಲಾಯಿತು. ಕ್ಯಾಮೆರಾ ಮತ್ತು ಓಬಿಎಸ್ ಎರಡೂ ಕಾಲರ್ ಆಗಿ, ಪಾಸ್‌ಫ್ರೇಸ್ ಇರುವ ಎಸ್‌ಆರ್‌ಟಿ ಸಂಪರ್ಕದಲ್ಲಿ, ನಡುವಿನ ಒಂದು ರಿಲೇ ಸರ್ವರನ್ನು ಸೇರುವ ವ್ಯವಸ್ಥೆಯನ್ನು ಆರಿಸಿಕೊಳ್ಳಲಾಯಿತು. ಅದಕ್ಕಾಗಿ ರೂಟರಿನಲ್ಲಿ ಆ ಸರ್ವರಿನ ವಿಳಾಸಕ್ಕೆ ಮಾತ್ರ, ಒಂದೇ ಯುಡಿಪಿ ಪೋರ್ಟಿನಲ್ಲಿ, ಹೊರಹೋಗುವ ಅನುಮತಿ ಕೊಡಲಾಯಿತು. ಒಳಬರುವ ಹೊಸ ನಿಯಮ ಯಾವುದನ್ನೂ ಕಂಪ್ಯೂಟರಿನಲ್ಲಿಯಾಗಲಿ ರೂಟರಿನಲ್ಲಿಯಾಗಲಿ ಬರೆಯಬೇಕಾಗಲಿಲ್ಲ.